ಪಹಣಿಯ ಪಾಠ ಮತ್ತು ಅದರ ಲಿಪಿಕಾರರು

ಒಂದೇ ಗ್ರಂಥವು ಅನೇಕ ಲಿಪಿಕಾರರ ಕೈಗಳಲ್ಲಿ ಸಾಗಿಬಂದಾಗ ಅದರ ಪಾಠಕ್ಕೆ ಏನಾಗುವುದೆಂಬುದನ್ನು ಗ್ರಂಥಸಂಪಾದನಶಾಸ್ತ್ರದ ಅಭ್ಯಾಸಿಗಳೆಲ್ಲರೂ ಬಲ್ಲರು. ಇಂದು ಸರ್ಕಾರದ ಸರ್ವರಿನಲ್ಲಿರುವ ಒಂದೇ ದಾಖಲೆಯನ್ನು ಹಲವು ಕಚೇರಿಗಳವರು ಏಕಕಾಲದಲ್ಲಿ ಓದುತ್ತಾರೆ. ಅವರಲ್ಲಿ ಕೆಲವರು ಅದನ್ನು ತಿದ್ದಲೂ ಬಲ್ಲರು. ಈ ಏರ್ಪಾಡನ್ನು ಯಂತ್ರಜ್ಞರಿಗೇ ಬಿಟ್ಟುಕೊಡದೆ ಪಾಠವಿಮರ್ಶೆಯ ದೃಷ್ಟಿಯಿಂದ ಪರೀಕ್ಷಿಸುವುದು ಪ್ರಯೋಜನಕರವೆಂದು ನನ್ನ ಎಣಿಕೆ. ಅದಕ್ಕಾಗಿ ಕರ್ನಾಟಕದ ‘ಭೂಮಿ’ ತಂತ್ರಾಂಶವನ್ನೂ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಪಹಣಿಯನ್ನೂ ಆರಿಸಿಕೊಂಡಿದ್ದೇನೆ.

ಈ ಸೀಮೆಯು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೂ, ಬಳಿಕ 1997ರವರೆಗೆ ರಾಯಚೂರು ಜಿಲ್ಲೆಯಲ್ಲಿಯೂ ಇದ್ದಿತು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರಾಗಿದ್ದವು. ಉರ್ದುವಿನ ಕಂದಾಯ ಕಾಗದ, ಪಟವಾರಿಯ ಲೆಕ್ಕ, ಅನಂತರದ ಕನ್ನಡ ಬರಹ, ಇಷ್ಟು ಪದರಗಳು ಇಲ್ಲಿನ ಪಹಣಿಗೆ ಹಿನ್ನೆಲೆಯಾಗಿವೆ. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಗಂಗಾವತಿಯ ಹೊಲಗಳು ಭತ್ತದ ಗದ್ದೆಗಳಾದ ಮೇಲೆ, ಅದೇ ಕಾಗದದ ಒಂದು ಅಕ್ಷರಕ್ಕೂ ಬೆಲೆ ಬಂದಿತು.

‘ಭೂಮಿ’ಗೆ ಮೊದಲು ಪಹಣಿಯ ಪುಸ್ತಕವು ಗ್ರಾಮಲೆಕ್ಕಿಗನ ವಶದಲ್ಲಿರುತ್ತಿತ್ತು. ರಾಜ್ಯದಲ್ಲಿ ಅಂತಹವರು ಸುಮಾರು 9000 ಮಂದಿ. ಅವರು ತೋರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಸೇರಿಸಿ, 2001ರ ಹೊತ್ತಿಗೆ 15 ರೂಪಾಯಿಗೆ ಪ್ರತಿಯನ್ನು ಕೊಡುವಂತಾಯಿತು. ಕೈಬರಹದ ಪ್ರತಿಗೆ ಮಾನ್ಯತೆ ತಪ್ಪಿತು. ದಾಖಲೆಯನ್ನು ತಿದ್ದುವವನು ಬೆರಳಚ್ಚು ಕೊಟ್ಟೇ ಒಳಹೋಗಬೇಕು. ಒಬ್ಬನು ಬರೆದುದನ್ನು ಇನ್ನೊಬ್ಬನು ಒಪ್ಪಬೇಕು. ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕು. ನಮ್ಮ ಓಲೆಯ ಪ್ರತಿಗಳಲ್ಲಿ ಯಾವ ತಿದ್ದುಪಡಿ ಯಾರದೆಂದು ತಿಳಿಯಲು ಎಷ್ಟು ಕಷ್ಟಪಡುತ್ತೇವೆಂಬುದನ್ನು ನೆನೆದರೆ, ಕೈ ಕೈಗೂ ಗುರುತನ್ನಿಟ್ಟ ಈ ಕ್ರಮವನ್ನು ಮನಸಾರೆ ಮೆಚ್ಚಬೇಕು.

ದೋಷವಿರುವುದು ಮಾತೃಪ್ರತಿಯಲ್ಲಿ. ಗಣಕಕ್ಕೆ ಹೋದುದು ಕೈಬರಹದ ಪಹಣಿ. ಹೊಲದ ಮೇಲಿನ ಸ್ವಾಧೀನದೊಡನೆ ಅದನ್ನು ಹೋಲಿಸಿ ನೋಡಿದ ಮೇಲೆ ಹೋದುದಲ್ಲ. ತೀರಿಹೋದ ತಾತನ ಹೆಸರು, ಪೋಡಿಯಾಗದೆ ಉಳಿದ ಜಂಟಿ ಖಾತೆ, ತಪ್ಪಿದ ಗುಂಟೆಯ ಲೆಕ್ಕ ಎಲ್ಲವೂ ಹಾಗೆಯೇ ಸೇರಿದವು. ಭೂಕಂದಾಯ ಅಧಿನಿಯಮ 1964ರ 133ನೆಯ ಪ್ರಕರಣದಂತೆ, ಅನ್ಯಥಾ ಸಿದ್ಧವಾಗುವವರೆಗೆ ದಾಖಲೆಯ ನಮೂದು ಸತ್ಯವೆಂದೇ ಭಾವಿಸತಕ್ಕದ್ದು. ಹಿಂದೆ ಈ ಭಾವನೆ ಚಾವಡಿಯ ಪುಸ್ತಕದೊಳಗಿತ್ತು. ಈಗ ಅದು ಬ್ಯಾಂಕಿಗೂ ನೋಂದಣಿ ಕಚೇರಿಗೂ ಒಮ್ಮೆಲೇ ತಲಪುತ್ತದೆ. ನೋಂದಣಿಯ ‘ಕಾವೇರಿ’ಯಿಂದ ಕ್ರಯದ ಸಂಗತಿ ಬರುತ್ತದೆ, ಬ್ಯಾಂಕಿನ ಸಾಲವು 11ನೆಯ ಅಂಕಣಕ್ಕೆ ಸೇರುತ್ತದೆ. ಉಳುವವನು ಮಾತ್ರ ಕೇವಲ ಓದುಗ.

ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬೆಂಗಳೂರಿನ ಸುತ್ತಣ ಸ್ಥಿತಿಯನ್ನು ಮುಂದಿಟ್ಟು, ಈ ಕೇಂದ್ರೀಕರಣವು ದೊಡ್ಡ ಕೊಳ್ಳುಗರಿಗೇ ಹೆಚ್ಚು ಅನುಕೂಲವಾಯಿತೆಂದು ವಾದಿಸಿದರು. ಅವರ ತೀರ್ಮಾನವನ್ನು ಕುಷ್ಟಗಿಯ ಒಣಬೇಸಾಯದ ಭೂಮಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಓದುವ ಹಕ್ಕಿನ ಸಮಾನತೆಯಿಂದ ಫಲದ ಸಮಾನತೆ ತಾನಾಗಿ ಬರದೆಂಬ ಅವರ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ.

ಹಾಗೆಂದು ಪ್ರತಿಯೊಬ್ಬನೂ 9ನೆಯ ಅಂಕಣದಲ್ಲಿ ತನ್ನ ಹೆಸರನ್ನು ತಾನೇ ಬರೆದುಕೊಳ್ಳಲಿ ಎಂದು ಯಾರೂ ಹೇಳಲಾರರು. ಸಂಪಾದಕನು ಒಪ್ಪದ ಪಾಠವನ್ನೂ ಅಡಿಯಲ್ಲಿ ಪಾಠಾಂತರವೆಂದು ಕಾಣಿಸುತ್ತಾನಷ್ಟೆ; ಹಾಗೆ, ಹಕ್ಕುದಾರನ ತಕರಾರು ತೀರ್ಮಾನವಾಗುವ ಮೊದಲೇ ಪಹಣಿಯ ಅಡಿಯಲ್ಲಿ ಕಾಣುವಂತಾಗಬೇಕೆಂಬುದು ನನ್ನ ಸೂಚನೆ. ಸಾಲ ಕೊಡುವವನೂ ಭೂಮಿಯನ್ನು ಕೊಳ್ಳುವವನೂ ಆಗ ಅದನ್ನು ನೋಡಿಯೇ ಮುಂದುವರಿಯುವರು.

ಇದು ಅಸಾಧ್ಯವೇನಲ್ಲ. 2020ರ ಮುಂಗಾರಿನಲ್ಲಿ ರೈತನೇ ಹೊಲದಲ್ಲಿ ನಿಂತು ಬೆಳೆಯ ಚಿತ್ರವನ್ನು ತೆಗೆದು ಮೊಬೈಲಿನ ಮೂಲಕ ದಾಖಲಿಸುವ ಅವಕಾಶವನ್ನು ಸರ್ಕಾರ ಕಲ್ಪಿಸಿತು. ಅವನು ನಿಂತ ಜಾಗವನ್ನು ಸರ್ವೆ ನಂಬರಿನ ನಕ್ಷೆಯೊಡನೆ ತಾಳೆನೋಡಲಾಗುತ್ತದೆ, ಮೇಲ್ವಿಚಾರಕನು ಒಪ್ಪಿಗೆ ಕೊಡುತ್ತಾನೆ. ತಪ್ಪಿದ್ದರೆ ‘ಬೆಳೆ ದರ್ಶಕ’ದಲ್ಲಿ ಆಕ್ಷೇಪಣೆಗೂ ಎಡೆಯಿದೆ. ಸಜ್ಜೆ ಬೆಳೆದ ಯಲಬುರ್ಗಾದ ರೈತನು ತೊಗರಿಯೆಂದು ದಾಖಲಾದುದನ್ನು ಮೊಬೈಲಿನಿಂದಲೇ ಆಕ್ಷೇಪಿಸಬಲ್ಲನು. ಅದೇ ಹೊಲದ 9ನೆಯ ಅಂಕಣದಲ್ಲಿ ಉಳಿದಿರುವ ತಾತನ ಹೆಸರಿನ ಪಕ್ಕದಲ್ಲಿ ಒಂದು ಟಿಪ್ಪಣಿಯನ್ನೂ ಅವನು ಬರೆಯಲಾರನು.