ರೋಸಿಯ ಹೆಸರಿನ ಪರದೆ

ಮಲಯಾಳಂನ ಮೊದಲ ನಾಯಕಿ ಪಿ.ಕೆ. ರೋಸಿ ದಲಿತೆ. 'ವಿಗತಕುಮಾರನ್'ನಲ್ಲಿ ನಾಯರ್ ಹೆಣ್ಣಿನ ಪಾತ್ರ ಮಾಡಿದ್ದಕ್ಕೆ ಸವರ್ಣೀಯರು ಆಕೆಯನ್ನು ಊರು ಬಿಡಿಸಿದರು. ಅದೇ ಹೆಸರಲ್ಲಿ ಚೆನ್ನೈನ ನೀಲಂ ಸಾಂಸ್ಕೃತಿಕ ಕೇಂದ್ರ ಚಿತ್ರೋತ್ಸವ ನಡೆಸುತ್ತ ಬಂದಿದೆ. ಪಾ. ರಂಜಿತ್ ಕಟ್ಟಿದ ಕೇಂದ್ರವಿದು. ಇಲ್ಲಿ ಯಾವ ಸಿನಿಮಾ ಅನ್ನೋದಕ್ಕಿಂತ ಅದನ್ನು ಆರಿಸೋರು ಯಾರು ಅನ್ನೋದೇ ನನಗೆ ಮುಖ್ಯ.

ನಮ್ಮ 'ಚೋಮನ ದುಡಿ' (1975) ಸ್ವರ್ಣಕಮಲ ಪಡೆಯಿತು, ನಿಜ. ಬರೆದವರು, ನಿರ್ದೇಶಿಸಿದವರು ಇಬ್ಬರೂ ದಲಿತರಲ್ಲ. ಚೋಮ ದುಡಿ ಬಡಿಯುತ್ತಲೇ ಸಾಯುತ್ತಾನೆ. ನೋಡಿದವರು ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ. ನಾಗರಾಜ ಮಂಜುಳೆಯ 'ಫಂಡ್ರಿ'ಯಲ್ಲಿ (2013) ಹಂದಿ ಹಿಡಿಯೋ ಮನೆಯ ಹುಡುಗ ಜಬ್ಯಾ ಎಸೆದ ಕಲ್ಲು ನೇರ ಪ್ರೇಕ್ಷಕರ ಮುಖಕ್ಕೇ ಬರುತ್ತೆ. ಅಲ್ಲಿ ಕರುಣೆಗೆ ಎಡೆಯಿಲ್ಲ.

ಫಿಲಂ ಸೊಸೈಟಿಗಳು ನಮ್ಮ ಬಗೆಗಿನ ಚಿತ್ರ ತೋರಿಸಿದರೆ ಸಾಲದು; ಪಟ್ಟಿ ಬರೆಯೋ ಪೆನ್ನೂ ನಮ್ಮ ಕೈಗೆ ಬರಬೇಕು.