ಯಾರದೋ ಜೀವ, ಎಲ್ಲಮ್ಮನ ಜಾತ್ರೆ

‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದಲ್ಲಿ ದೆವ್ವಗಳನ್ನು ಕರೆದು ದುಡಿಸುವ ಮಾಂತ್ರಿಕ ಪಾತ್ರವಾದ ವಾರ್ಲಾಕ್ ಬಗ್ಗೆ 2004ರಿಂದಲೂ ಎರಡು ಬಗೆಯ ಮಾತು ಚಾಲ್ತಿಯಲ್ಲಿದೆ. ಮೆಚ್ಚುವವರಿಗೆ ಅವನ ದೆವ್ವಗಳ ಮೇಲೆ ಮೋಹ: ಕರೆದಾಗೆಲ್ಲ ಕರಾರಿನ ಮಾತೆತ್ತಿ ಗೊಣಗುವ ಇಂಪ್, ಏಟನ್ನೆಲ್ಲ ತನ್ನ ಮೈಮೇಲೆ ಎಳೆದುಕೊಳ್ಳುವ ವಾಯ್ಡ್‌ವಾಕರ್, ಎದುರಾಳಿಯನ್ನು ಮರುಳುಮಾಡಿ ನಿಲ್ಲಿಸುವ ಸಕ್ಯೂಬಸ್, ಪರರ ಮಂತ್ರವನ್ನೇ ನುಂಗುವ ಫೆಲ್‌ಹಂಟರ್. ಹೀಗಳೆಯುವವರಿಗೆ ಇದು ಮೈಗಳ್ಳರ ಪಾತ್ರ. ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಎಂಬ ಗಾದೆಯನ್ನು ಇಬ್ಬರಿಗೆ ಹಂಚಿಬಿಟ್ಟ ಹಾಗೆ: ದುಡಿಯುವುದು ಪೆಟ್ (ಕರೆಸಿಕೊಂಡ ದೆವ್ವ), ಉಣ್ಣುವುದು ಒಡೆಯ. ಎರಡೂ ಬಣದವರು ನೋಡುತ್ತಿರುವುದು ದೆವ್ವದ ಮುಖವನ್ನೇ. ನನ್ನ ತಕರಾರು ಇಲ್ಲಿಂದ ಶುರು. ವಾರ್ಲಾಕ್ ಪಾತ್ರದ ಹೆಚ್ಚುಗಾರಿಕೆ ಅವನ ಹಿಂದೆ ನಡೆಯುವ ಪೆಟ್‌ನಲ್ಲಿ ಎಂದೂ ಇರಲಿಲ್ಲ, ಅವನ ಬ್ಯಾಗಿನಲ್ಲಿತ್ತು. ಆ ಬ್ಯಾಗಿನೊಳಗಿನ ಲೆಕ್ಕ ಹೋದಮೇಲೆ ಉಳಿದಿರುವುದು ಅಲಂಕಾರ ಮಾತ್ರ.

ಬ್ಯಾಗಿನಲ್ಲಿದ್ದದ್ದು ಸೋಲ್ ಶಾರ್ಡ್, ಎಂದರೆ ಆತ್ಮದ ಚೂರು. ಇಂಪ್ ಒಂದನ್ನು ಬಿಟ್ಟು ಮೊದಲ ಕಾಲದ ಉಳಿದ ಮೂರು ದೆವ್ವಗಳಲ್ಲಿ ಯಾವುದನ್ನು ಕರೆಯಬೇಕಾದರೂ ಒಂದು ಚೂರು ಖರ್ಚು. ಗೆಳೆಯರ ಗಾಯಕ್ಕೆ ಹೆಲ್ತ್‌ಸ್ಟೋನ್ ಮಾಡಿಕೊಡಲು ಒಂದು, ದೂರದಲ್ಲಿರುವವರನ್ನು ಮಂತ್ರದಿಂದ ಕರೆಸಿಕೊಳ್ಳಲು ಇನ್ನೊಂದು. ಈ ಚೂರು ಅಂಗಡಿಯಲ್ಲಿ ಸಿಗದು. ಇನ್ನೊಬ್ಬ ವಾರ್ಲಾಕ್‌ನಿಂದ ಕಡ ತರುವಂತೆಯೂ ಇಲ್ಲ. ಒಂದರ ಮೇಲೊಂದು ಪೇರಿಸಿಡಲು ಬಾರದು, ಪ್ರತಿಯೊಂದಕ್ಕೂ ಬ್ಯಾಗಿನಲ್ಲಿ ಒಂದು ಮನೆ ಬೇಕು. ಅದನ್ನು ಪಡೆಯುವ ಮುಖ್ಯ ದಾರಿ ಇದು: ‘ಡ್ರೇನ್ ಸೋಲ್’ ಮಂತ್ರವನ್ನು ಹದಿನೈದು ಸೆಕೆಂಡು ಎಳೆಯುತ್ತಿರುವಾಗಲೇ ಎದುರಿನ ಜೀವ ಹೋಗಬೇಕು. ಒಂದು ಕ್ಷಣ ಮುಂಚೆ ಸತ್ತರೆ ಚೂರಿಲ್ಲ. ಆದ್ದರಿಂದ ಒಂದೇಟಿಗೆ ಮುಗಿಸಬಲ್ಲ ಬಲವಿದ್ದರೂ ಕೈ ತಡೆಯಬೇಕು, ಪ್ರಾಣ ಅಂಚಿಗೆ ಬಂದಾಗ ಬಲವಾದ ಮಂತ್ರ ಬಿಟ್ಟು ಈ ನಿಧಾನದ ಮಂತ್ರಕ್ಕೆ ಇಳಿಯಬೇಕು. ಜೊತೆಯವರು ಆತುರಗಾರರಾದರೆ ಎಲ್ಲ ವ್ಯರ್ಥ. ಕೊಲ್ಲುವುದನ್ನು ಬೇಕೆಂದೇ ತಡಮಾಡಿಸುವ ಈ ನಿಯಮ, ವಾರ್ಲಾಕ್ ಎಂಥವನು ಎಂಬುದನ್ನು ಯಾವ ಪೀಠಿಕೆಯ ಕಥೆಗಿಂತಲೂ ಚೆನ್ನಾಗಿ ಹೇಳುತ್ತದೆ.

ಈಗ ಹಳೆಯ ಆಟದ ‘ಡಿಮಾನಿಕ್ ಸ್ಯಾಕ್ರಿಫೈಸ್’ ನೋಡೋಣ. ವಾರ್ಲಾಕ್ ತಾನು ಕರೆದ ದೆವ್ವವನ್ನು ತಾನೇ ಬಲಿಕೊಟ್ಟು ಅದರ ಶಕ್ತಿಯನ್ನು ಮೈಗೂಡಿಸಿಕೊಳ್ಳುವ ಕಲೆ ಇದು. ಸಕ್ಯೂಬಸ್ ಬಲಿಯಾದರೆ ಮೂವತ್ತು ನಿಮಿಷ ಅವನ ನೆರಳಿನ ಮಂತ್ರಗಳ ಪೆಟ್ಟು 15% ಹೆಚ್ಚು. ಆ ಅವಧಿಯಲ್ಲಿ ಬೇರೆ ದೆವ್ವವನ್ನು ಕರೆದರೆ ಫಲ ರದ್ದು. 40 ಜನ ಸೇರಿ ಆಡುವ ರೇಡ್‌ಗಳಲ್ಲಿ ಎಷ್ಟೋ ವಾರ್ಲಾಕ್‌ಗಳು ಈ ದಾರಿ ಹಿಡಿದರು. ದೆವ್ವ ಕರೆಯುವುದಕ್ಕೇ ಹೆಸರಾದ ಪಾತ್ರ, ಆಟದ ದೊಡ್ಡ ಗಳಿಗೆಯಲ್ಲಿ ದೆವ್ವವೇ ಇಲ್ಲದೆ ಒಂಟಿಯಾಗಿ ನಿಂತಿತು. ಇದನ್ನು ವಿನ್ಯಾಸದ ಸೋಲೆಂದು ಬರೆದವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ: ಪೆಟ್ ಬದುಕಿದ್ದರೆ ಲಾಭ ಕಡಿಮೆ ಎಂದಾದಾಗ ಪೆಟ್‌ಗೆ ಏನು ಬೆಲೆ? ಆದರೆ ಇಲ್ಲೊಂದು ಸೂಕ್ಷ್ಮವಿದೆ, ಅದನ್ನು ಯಾರೂ ಕೆದಕಿದಂತಿಲ್ಲ. ಮೊದಲ ಸಲ ಕರೆದಾಗ ಪ್ರತಿ ದೆವ್ವಕ್ಕೂ ಒಂದು ಹೆಸರು ಬರುತ್ತದೆ, ಆ ಹೆಸರು ಆಮೇಲೆ ಬದಲಾಗದು. ಬಲಿಯಾದ ಸಕ್ಯೂಬಸ್ ಇನ್ನೊಂದು ಚೂರು ಕೊಟ್ಟರೆ ಅದೇ ಹೆಸರಿನಲ್ಲಿ ಎದ್ದು ಬರುತ್ತಾಳೆ. ಅಂದರೆ ಅವಳು ಸತ್ತೇ ಇಲ್ಲ. ಹಾಗಾದರೆ ಬಲಿಯಾದದ್ದು ಯಾರು? ಚೂರು ಯಾರದೋ ಅವರು: ಯಾವುದೋ ಕಾಡಿನ ಅಂಚಿನಲ್ಲಿ, ಈ ವ್ಯವಹಾರಕ್ಕೆ ಸಂಬಂಧವೇ ಇಲ್ಲದೆ, ನಿಧಾನವಾಗಿ ಕೊಲ್ಲಲ್ಪಟ್ಟ ಅನಾಮಿಕ ಜೀವ. ಕರಾರು ಒಡೆಯನಿಗೂ ದೆವ್ವಕ್ಕೂ, ಬಿಲ್ಲು ಮೂರನೆಯವರಿಗೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಅಧಿಕಾರ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಆಟ ಇಷ್ಟು ಅಚ್ಚುಕಟ್ಟಾಗಿ ನಿಯಮಕ್ಕೆ ಇಳಿಸಿರುವುದು ಸಣ್ಣ ಸಾಧನೆಯಲ್ಲ.

ಇಲ್ಲಿ, ಆಟವೆಂದರೆ ನಿಯಮ ಮಾತ್ರ ಎನ್ನುವ ಶುದ್ಧ ನಿಯಮವಾದಿಗಳು ಅಡ್ಡ ಬರುತ್ತಾರೆ. ‘ಟೂಂಬ್ ರೈಡರ್’ ಆಟದ ನಾಯಕಿ ಲಾರಾ ಕ್ರಾಫ್ಟ್‌ಳ ಮೈಕಟ್ಟು ಆಟಗಾರನಾಗಿ ತನಗೆ ಅಪ್ರಸ್ತುತ, ಬೇರೆ ಮೈಯಿದ್ದರೂ ತನ್ನ ಆಟ ಬದಲಾಗದು ಎಂದು ಆಟಗಳ ಅಧ್ಯಯನಕಾರ ಎಸ್ಪೆನ್ ಆರ್ಸೆತ್ ವಾದಿಸಿದ್ದು ವಾರ್ಲಾಕ್ ಹುಟ್ಟಿದ 2004ರಲ್ಲೇ. ಆ ಮಾತನ್ನು ಗಿಳಿಪಾಠ ಮಾಡಿಕೊಂಡವರು, ಆತ್ಮದ ಚೂರೆಂದರೂ ಗೋಲಿಯೆಂದರೂ ಒಂದೇ, ರೇಡ್‌ನಲ್ಲಿ ಇರುವುದು 15% ಮಾತ್ರ ಎನ್ನುತ್ತಾರೆ. ಆಡುವವರಲ್ಲಿ ಹೆಚ್ಚಿನವರು ಬಲಿಯ ಹೊತ್ತಿಗೆ ಅಂಕಿಯನ್ನಲ್ಲದೆ ಬೇರೇನೂ ಕಾಣುವುದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅದೇ ಆಟದ ಬೇಟೆಗಾರನನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿ. ಅವನಿಗೂ ಪೆಟ್ ಇತ್ತು, ಅವನ ಬಾಣವೂ ಬ್ಯಾಗಿನಲ್ಲಿ ಜಾಗ ತಿನ್ನುತ್ತಿತ್ತು. ಬಾಣ ಮುಗಿದರೆ ಅವನು ಹೋಗುವುದು ಅಂಗಡಿಗೆ. ಚೂರು ಮುಗಿದರೆ ವಾರ್ಲಾಕ್ ಹೋಗುವುದು ಸಾಯುವವರ ಬಳಿಗೆ. ಹೆಸರನ್ನು ಅಳಿಸಿ ಗೋಲಿ ಎಂದೇ ಕರೆದರೂ, ಇನ್ನೊಂದು ಜೀವದ ಕೊನೆಯ ಕ್ಷಣದಲ್ಲಿ ಕಾದು ಕೂರುವ ಆ ಕೆಲಸ ಹಾಗೇ ಉಳಿಯುತ್ತದೆ. ಅರ್ಥ ಕೂತಿರುವುದು ಮೈಕಟ್ಟಿನಲ್ಲಿ ಅಲ್ಲ ಎಂಬಷ್ಟಕ್ಕೆ ಆರ್ಸೆತ್ ಸರಿ. ಅದು ನಿಯಮದೊಳಗೇ ಕೂತಿರಬಹುದು ಎಂಬುದನ್ನು ಅವರ ಶಿಷ್ಯರು ಮರೆತರು.

ಹೆಚ್ಚು ಗಟ್ಟಿಯಾದ ಆಕ್ಷೇಪ ಬೇಸರದ್ದು. ರೇಡ್‌ಗೆ ಮುಂಚೆ ಗಂಟೆಗಟ್ಟಲೆ ಚೂರು ಕೂಡಿಹಾಕುವುದು ಆಟವಲ್ಲ, ಜೀತ. ಈ ದೂರಿಗೆ ಮಣಿದೇ 2010ರಲ್ಲಿ ‘ಕ್ಯಾಟಕ್ಲಿಸಮ್’ ಎಂಬ ವಿಸ್ತರಣೆ ಬರುವ ಹೊತ್ತಿಗೆ ಆಟದ ತಯಾರಕರು ಚೂರುಗಳನ್ನು ಬ್ಯಾಗಿನಿಂದ ತೆಗೆದು ಪರದೆಯ ಮೇಲಿನ ಮೂರು ಗುರುತುಗಳಾಗಿ ಮಾಡಿದರು. ಬೇಸರವಿತ್ತು, ನಿಜ. ಬ್ಯಾಗಿನ ಮನೆಗಳನ್ನು ಉಳಿಸಿಕೊಡಲು ನೂರು ದಾರಿಗಳಿದ್ದವು. ತೆಗೆದದ್ದು ಮಾತ್ರ ಭಾರದ ಜೊತೆ ಸಾಲವನ್ನೂ. ಈಚಿನ ವಾರ್ಲಾಕ್‌ನಲ್ಲಿ ಚೂರು ಮಂತ್ರ ಹಾಕಿದರೆ ಹುಟ್ಟುತ್ತದೆ, ಯಾರೂ ಸಾಯಬೇಕಿಲ್ಲ. ಕೈಯಾಡಿಸಿದರೆ ಇಂಪ್‌ಗಳ ಹಿಂಡು ಬಂದು ಕೆಲವು ಸೆಕೆಂಡು ಬೆಂಕಿ ಉಗುಳಿ ಮಾಯ. ಬೇಕೆಂದರೆ ಅವನ್ನು ಶತ್ರುವಿನ ಮೇಲೆಸೆದು ಸಿಡಿಸಲೂಬಹುದು. ಲೆಕ್ಕಕ್ಕೆ ನೋಡಿದರೆ ಹಿಂದೆಂದಿಗಿಂತ ಹೆಚ್ಚು ದೆವ್ವಗಳು ಬಲಿಯಾಗುತ್ತಿವೆ, ಆದರೆ ಬೆಲೆ ತೆರುವವರು ಯಾರೂ ಇಲ್ಲ. ಹಳೆಯ ಆಟವನ್ನೇ ಮತ್ತೆ ತಂದ 2019ರ ‘ಕ್ಲಾಸಿಕ್’ ಆ ಬ್ಯಾಗನ್ನು ಮರಳಿಸಿದಾಗ ಕಣ್ಣೀರಿಟ್ಟವರ ಜೊತೆಗೂ ನಾನಿಲ್ಲ. ಅವರಿಗೆ ಬೇಕಿದ್ದದ್ದು ಯೌವನ, ಚೂರು ಬರಿಯ ನೆವ.

ಹಳೆಯ ವಾರ್ಲಾಕ್‌ನಲ್ಲಿ ದೋಷಗಳಿದ್ದವು, ಹೊಸಬನಲ್ಲಿ ಗುಣಗಳಿವೆ. ಈ ಸಮತೂಕದ ಮಾತನ್ನು ಹೇಳಿದ್ದಾಯಿತು. ತೀರ್ಪಿಗೆ ಸಾಕ್ಷಿಯಾಗಿ ಒಂದು ಮಂತ್ರ ಸಾಕು. ಹಳೆಯ ಆಟದಲ್ಲಿ ‘ರಿಚುಯಲ್ ಆಫ್ ಡೂಮ್’ ಎಂಬ ವಿಧಿಯಿತ್ತು. ಡೂಮ್‌ಗಾರ್ಡ್ ಎಂಬ ದೊಡ್ಡ ದೆವ್ವವನ್ನು ಎಬ್ಬಿಸಲು ವಾರ್ಲಾಕ್ ಜೊತೆ ನಾಲ್ವರು ಗೆಳೆಯರು ಕೈಜೋಡಿಸಬೇಕು. ವಿಧಿ ಮುಗಿದಾಗ ಕೈಜೋಡಿಸಿದವರಲ್ಲಿ ಒಬ್ಬರು ಸಾಯುತ್ತಾರೆ, ಯಾರೆಂಬುದು ಮೊದಲೇ ತಿಳಿಯದು. ಎದ್ದ ದೆವ್ವವೂ ತಾನಾಗಿ ಅಡಿಯಾಳಲ್ಲ. ಕೆಲಸ ಕೊಡದಿದ್ದರೆ ಒಡೆಯನನ್ನೇ ತಿನ್ನುತ್ತೇನೆನ್ನುವ ನಮ್ಮ ಅಜ್ಜಿಕಥೆಯ ಭೂತದಂತೆ, ಅದನ್ನು ಕಟ್ಟಿಹಾಕಬೇಕು, ಕಟ್ಟು ಹರಿದರೆ ಅದು ತಿರುಗಿಬೀಳುತ್ತದೆ. ಆ ಕಟ್ಟಿಗೂ ಒಂದು ಚೂರು ಖರ್ಚು. ಊರಾಚೆಯ ಅನಾಮಿಕರ ಮೇಲೆ ಹಾಕುತ್ತಿದ್ದ ಬಿಲ್ಲು ಇಲ್ಲಿ ಸ್ವಂತ ಗುಂಪಿನೊಳಗೆ ಬಂದು ಬೀಳುತ್ತದೆ. ಆಟಕ್ಕೆ ಅಷ್ಟೇನೂ ಉಪಯೋಗವಿಲ್ಲದ ಈ ವಿಧಿಯೇ ಇಡೀ ಪಾತ್ರದ ಅತ್ಯುತ್ತಮ ಬರಹ ಎಂಬುದು ನನ್ನ ತೀರ್ಪು. ನಾಲ್ವರೂ ಲೆಕ್ಕ ತಿಳಿದೇ ಕೈಯಿಡುತ್ತಿದ್ದರು. ಇಂದು ಹಿಂಡುಹಿಂಡಾಗಿ ಬರುವ ಇಂಪ್‌ಗಳಿಗಾಗಿ ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ.