ಬೆಳ್ಳಿಯ ಮುಗಿಲನ್ನು ನೋಡುವ ಬಗೆ

ನಮ್ಮ ಹಳ್ಳಿಗರು ಬೆಳ್ಳಿಯೆಂದು ಕರೆದು, ಅದು ಮೂಡುವುದನ್ನು ಕಂಡು ಹೊತ್ತನ್ನಳೆಯುತ್ತಿದ್ದ ಶುಕ್ರಗ್ರಹವನ್ನು ದೂರದರ್ಶಕದಲ್ಲಿ ಮೊದಲ ಸಲ ನೋಡಿದವರು ಬಹುಮಟ್ಟಿಗೆ ನಿರಾಶರಾಗುತ್ತಾರೆ. ಚಂದ್ರನಂತೆ ಕಲೆಯಿಲ್ಲ, ಶನಿಯಂತೆ ಬಳೆಯಿಲ್ಲ, ಇರುವುದು ಬರಿಯ ಬಿಳುಪು. ಆ ಬಿಳುಪು ನೆಲದ್ದಲ್ಲ. ನೆಲದಿಂದ ಸುಮಾರು 48ರಿಂದ 70 ಕಿಲೋಮೀಟರುಗಳ ಎತ್ತರದಲ್ಲಿ ಗ್ರಹವನ್ನೆಲ್ಲ ಎಡೆಬಿಡದೆ ಮುಸುಕಿರುವ ಗಂಧಕಾಮ್ಲದ ಮೇಘಗಳದ್ದು. ಅದರಲ್ಲಿ ರುಚಿ ಹುಟ್ಟಬೇಕಾದರೆ ನೇರಳಾತೀತ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಮುಂದಿಟ್ಟುಕೊಂಡು ಸಾವಧಾನವಾಗಿ ಕೂರಬೇಕು. ಆಗ ಮಗ್ಗುಲಾಗಿ ಮಲಗಿದ ಕವಲುಗೋಲಿನಂಥ ಕಪ್ಪು ಛಾಯೆಯೊಂದು ಮೆಲ್ಲಗೆ ಎದ್ದುಬರುತ್ತದೆ. ಬ್ರಾಝವಿಲ್ಲಿನಲ್ಲಿ ನ್ಯಾಯಾಧಿಕಾರಿಯಾಗಿದ್ದ ಫ್ರೆಂಚ್ ಹವ್ಯಾಸಿ ಚಾರ್ಲ್ಸ್ ಬೊಯೇ 1957ರಲ್ಲಿ ತನ್ನ ಸಣ್ಣ ದೂರದರ್ಶಕದಿಂದ ಚಿತ್ರ ತೆಗೆಯುತ್ತ, ಇಂಥ ಛಾಯೆ ನಾಲ್ಕು ದಿನಗಳಿಗೊಮ್ಮೆ ಮರಳಿ ಬರುವುದನ್ನು ಗುರುತಿಸಿದನು. ಗ್ರಹವೋ ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗಲು 243 ದಿನಗಳನ್ನು ತೆಗೆದುಕೊಳ್ಳುತ್ತದೆ! ನೆಲದ ಮೇಲೆ ಸೆಕೆಂಡಿಗೆ ಒಂದು ಮೀಟರಿನಷ್ಟು ಮಂದವಾಗಿ ತೆವಳುವ ಗಾಳಿಯೇ ಮೇಘಶಿಖರದಲ್ಲಿ ಸೆಕೆಂಡಿಗೆ ನೂರು ಮೀಟರಿನ ವೇಗದಲ್ಲಿ ಧಾವಿಸುತ್ತದೆ.

ಆದರೆ ಓಟವನ್ನು ಕಂಡು ಬೆರಗಾಗುವುದು ಸುಲಭ. ನಿಶ್ಚಲವಾದುದನ್ನು ಕಾಣಲು ಕಣ್ಣು ಪಳಗಬೇಕು. ಮಲೆನಾಡಿನ ಹಳ್ಳವೊಂದರಲ್ಲಿ ಮುಳುಗಿದ ಕಲ್ಲಿನ ಮೇಲೆ ನೀರು ಉಬ್ಬುವುದನ್ನು ನೋಡಿರಿ. ತೇಲಿಬಂದ ಎಲೆ ಆ ಉಬ್ಬನ್ನೇರಿ ಇಳಿದು ಮುಂದೆ ಸಾಗಿಹೋಗುತ್ತದೆ, ಉಬ್ಬು ಮಾತ್ರ ಇದ್ದೆಡೆಯೇ ಇರುತ್ತದೆ. ಕಲ್ಲು ಕಾಣದಿದ್ದರೂ ಅದು ಎಲ್ಲಿದೆಯೆಂಬುದನ್ನು ನೀರೇ ಹೇಳುತ್ತದೆ. 2010ರಲ್ಲಿ ಕಕ್ಷೆ ತಪ್ಪಿ, ಐದು ವರ್ಷ ಸೂರ್ಯನನ್ನು ಸುತ್ತುತ್ತಿದ್ದು, 2015ರ ಡಿಸೆಂಬರ್ 7ರಂದು ಕಡೆಗೂ ಶುಕ್ರನನ್ನು ಸೇರಿದ ಜಪಾನಿನ ಅಕಾತ್ಸುಕಿ ನೌಕೆಯ ಅವಕೆಂಪು ಕಣ್ಣಿಗೆ ಬಿದ್ದುದು ಇಂಥದೇ ಒಂದು ಉಬ್ಬು: ದಕ್ಷಿಣೋತ್ತರವಾಗಿ ಹತ್ತು ಸಾವಿರ ಕಿಲೋಮೀಟರು ಚಾಚಿದ ಬಿಲ್ಲು. ಸುತ್ತಲಿನ ಗಾಳಿ ಪ್ರಚಂಡವಾಗಿ ಹರಿದುಹೋಗುತ್ತಿದ್ದರೂ ಆ ಬಿಲ್ಲು ಅಫ್ರೋಡೈಟೀ ಎಂಬ ಉನ್ನತ ಪ್ರದೇಶದ ನೆತ್ತಿಯನ್ನು ಬಿಟ್ಟು ಕದಲಲಿಲ್ಲ. ಪರ್ವತವನ್ನೇರಿದ ಗಾಳಿ ತನ್ನ ಭಾರಕ್ಕೆ ಕುಸಿದು, ಕುಸಿದದ್ದು ಮತ್ತೆ ಪುಟಿದು, ಹೀಗೆ ಹುಟ್ಟಿದ ಅಲೆಯು ಮೇಲೆ ಮೇಲೆ ವಾಯು ವಿರಳವಾದಂತೆಲ್ಲ ಹಿಗ್ಗುತ್ತ ಮೇಘಶಿಖರವನ್ನು ಮುಟ್ಟಿರಬೇಕೆಂಬುದು ವಿದ್ವಾಂಸರ ವಿವರಣೆ. ನಮ್ಮ ಕಣ್ಣಿಗೆ ಹೊರಗಿನಿಂದ ಕಾಣದ ಬೆಟ್ಟವೊಂದು ಮುಗಿಲಿನ ಮೇಲೆ ತನ್ನ ಗುರುತನ್ನು ಒತ್ತುತ್ತದೆಂಬುದಕ್ಕಿಂತ ಸುಂದರವಾದ ಸಂಗತಿಯನ್ನು ಗ್ರಹವಿಜ್ಞಾನದಲ್ಲಿ ನಾನರಿಯೆ.

ಇನ್ನೊಂದು ಜಾತಿಯ ಅಲೆಯೂ ಉಂಟು. ಹಗಲಿನ ಬಿಸಿಲು ಮೇಘಗಳನ್ನು ಕಾಯಿಸುವುದರಿಂದ ಏಳುವ ಉಬ್ಬರವದು. ಗಾಳಿಯ ಮಹಾವೇಗವು ಸೊರಗದಂತೆ ವಿಷುವದ್ವೃತ್ತದ ಬಳಿ ಮುಖ್ಯವಾಗಿ ಪೋಷಿಸುವುದು ಅದೇ ಎಂದು 2020ರಲ್ಲಿ ಅಕಾತ್ಸುಕಿಯ ಚಿತ್ರಗಳನ್ನಳೆದವರು ತೋರಿಸಿದರು. ಆದುದರಿಂದ ಚಿತ್ರವನ್ನು ನೋಡುವಾಗ ಸೂರ್ಯನು ಎತ್ತಲಿದ್ದಾನೆಂಬುದನ್ನು ಮರೆಯಕೂಡದು. ಬೆಟ್ಟದ ಬಿಲ್ಲು ಕೂಡ ಆ ಬೆಟ್ಟಕ್ಕೆ ಮಧ್ಯಾಹ್ನ ಇಳಿದ ಮೇಲೆಯೇ ಮೂಡುವುದು. 2015ರಲ್ಲಿ ಕೆಲವು ದಿನ ಕಂಡುದು ಮರುತಿಂಗಳಿಗಾಗಲೇ ಮಾಯವಾಗಿದ್ದಿತು. ಶುಕ್ರನಲ್ಲಿ ಒಂದು ಮಧ್ಯಾಹ್ನ ಕಳೆದು ಇನ್ನೊಂದು ಬರುವುದಕ್ಕೆ ನಮ್ಮ 117 ದಿನಗಳು ಬೇಕು.